ಗಂಟಕ್ಕನ ಕ್ಲಚ್ಚು

ಗಂಟಕ್ಕನಿಗೆ ಸಿಟ್ಟು ಹೊಸದೇನಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಒದ್ದೆ ಹೊದಿಕೆಗಳ ಗಂಟು ಹೊತ್ತು ಹೊತ್ತು ಸೊಂಟ ಹೋಗಿತ್ತು, ಸ್ವಂತ ಹೆಸರೂ ಹೋಗಿ ಗಂಟಕ್ಕ ಅಂತಾಗಿತ್ತು. "ಇನ್ನು ಭಾರ ಎತ್ತಿದ್ರೆ ಹಾಸಿಗೆ ಹಿಡೀತೀರಿ" ಎಂದು ಡಾಕ್ಟರು ಹೇಳಿದ ವಾರವೇ ಕಾರ್ಖಾನೆಯ ವ್ಯಾನಿನ ಡ್ರೈವರು ಕೆಲಸ ಬಿಟ್ಟ. "ನಾನು ಓಡಿಸ್ತೀನಿ" ಎಂದಳು. ಮ್ಯಾನೇಜರು ಮೊದಲು ನಕ್ಕ.

"ಬರೋ ವಾರದ ಶುಕ್ರವಾರ ಟೆಸ್ಟಲ್ಲಿ ಪಾಸಾಗು, ಶನಿವಾರದಿಂದ ವ್ಯಾನ್ ನಿಂದು. ಇಲ್ದಿದ್ರೆ ಹೊರಗಿನೋರನ್ನ ತಗೋತೀನಿ. ಗಂಟು ಎತ್ತೋಕೂ ಆಗ್ದೋರಿಗೆ ಇಲ್ಲೇನು ಕೆಲಸ?" ಎಂದ.

ಹದಿನಾಲ್ಕು ವರ್ಷ ದುಡಿದವಳಿಗೆ ಈ ಮಾತು! ಉಳಿದದ್ದು ಹತ್ತು ದಿನ. ಕಲಿಯುವವರ ಲೈಸೆನ್ಸನ್ನು ಹಟಕ್ಕೆ ಬಿದ್ದು ಎಂದೋ ಮಾಡಿಸಿಟ್ಟಿದ್ದಳು, ಅದೊಂದು ಪುಣ್ಯ.

ಬೆಳಿಗ್ಗೆ ಪಾಳಿಗೆ ಮುಂಚೆ ಒಂದು ಗಂಟೆ ಡ್ರೈವಿಂಗ್ ಸ್ಕೂಲು. ಮಾಸ್ಟರಿಗೆ ಹತ್ತೊಂಬತ್ತು ವರ್ಷದ ಅನುಭವ, ಬಾಯಿ ತುಂಬ "ಭೇಷ್ ಅಕ್ಕ, ಭೇಷ್!" ಎರಡನೇ ದಿನಕ್ಕೇ ಕಾರು ಬೆಣ್ಣೆಯ ಹಾಗೆ ಹೋಯಿತು. ಗೇರು ಕಿರುಚಲಿಲ್ಲ, ಎಂಜಿನ್ನು ಒಮ್ಮೆಯೂ ಆಫ್ ಆಗಲಿಲ್ಲ, ಏರಿನಲ್ಲಿ ನಿಲ್ಲಿಸಿ ಎತ್ತಿದರೂ ಹಿಂದಕ್ಕೆ ಜಾರಲಿಲ್ಲ. ಕಾಲು ಮುಟ್ಟಿಸಿದರೆ ಸಾಕು, ಕ್ಲಚ್ಚು ತಾನೇ ಇಳಿಯುತ್ತಿತ್ತು.

"ಇಷ್ಟೇನಾ? ಇಷ್ಟಕ್ಕೆ ಗಂಡಸರು ಅಷ್ಟೊಂದು ಮೆರೆಯೋದಾ?" ಎಂದು ಗಂಡನಿಗೆ ಕೇಳಿಸುವ ಹಾಗೆ ಅಡುಗೆಮನೆಯಲ್ಲಿ ಹೇಳಿಕೊಂಡಳು.

ಏಳನೇ ದಿನ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಬಿಡಬೇಕಿತ್ತು. ಅವರೂ ಹಿಂದಿನ ಸೀಟಿನಲ್ಲಿ ಕೂತರು. ಒಂದು ಕಣ್ಣಿಗೆ ಪೊರೆ. ಆದರೂ ಹತ್ತೊಂಬತ್ತು ವರ್ಷ ಯಾರಿಗೂ ಕಾಣದ್ದು ಆ ಮುದುಕಿಗೆ ಕಂಡಿತು.

"ಅಲ್ವೇ, ಆ ಪುಣ್ಯಾತ್ಮನ ಕಾಲು ಯಾಕೆ ಹಾಗೆ ಕುಣೀತಿದೆ? ಕಾರು ಓಡಿಸ್ತಿರೋದು ನೀನೋ, ಅವನೋ?"

ಗಂಟಕ್ಕ ಬಗ್ಗಿ ನೋಡಿದಳು. ಕಲಿಸುವ ಕಾರಿನಲ್ಲಿ ಮಾಸ್ಟರ ಕಾಲಡಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಅಪಾಯಕ್ಕೆಂದು ಇಟ್ಟಿರುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಈ ಮಹಾಶಯ ಬಿಡುವಿಲ್ಲದೆ ಅದನ್ನೇ ತುಳಿಯುತ್ತಾನೆ ಅಂತ ಗೊತ್ತಿರಲಿಲ್ಲ.

"ಕಾಲು ತೆಗೀರಿ" ಎಂದಳು. ತೆಗೆದ. ಕಾರು ಕುಪ್ಪಳಿಸಿ ಸತ್ತಿತು. ಮತ್ತೆ ಶುರು ಮಾಡಿದಳು, ಮತ್ತೆ ಸತ್ತಿತು. ಕ್ಲಚ್ಚು ಒದ್ದೆ ಗಂಟಿನಷ್ಟು ಭಾರವಾಗಿತ್ತು.

"ನಿಮ್ಮ ಕಾರೇ ಸರಿಯಿಲ್ಲ!"

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಮಾಸ್ಟರು ಕಿಸಕ್ಕನೆ ನಕ್ಕ.

"ಇಷ್ಟು ದಿನ ಕುಣಿದೋನು ನೀನೇ ಅಲ್ವೇನಪ್ಪ?" ಎಂದರು ಅತ್ತೆ.

ಮಾಸ್ಟರ ನಗು ನಿಂತಿತು. "ತಲೆ ಕೆಡಿಸ್ಕೋಬೇಡಿ ಅಕ್ಕ. ಟೆಸ್ಟ್ ದಿನಾನೂ ನಾನು ಪಕ್ಕದಲ್ಲೇ ಇರ್ತೀನಿ, ಸಾಹೇಬ್ರು ಹಿಂದೆ ಕೂರ್ತಾರೆ. ನಮ್ಮಲ್ಲಿ ಎಲ್ರೂ ಹೀಗೇ ಪಾಸಾಗೋದು."

ಗಂಟಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಶನಿವಾರ ವ್ಯಾನ್ ಹತ್ತುವಾಗ ನಿಮ್ಮ ಕಾಲು ಕಡ್ಕೊಂಡು ಹೋಗ್ಲಾ? ಯಾರಾದ್ರೂ ಮಗು ಅಡ್ಡ ಬಂದ್ರೆ ಬ್ರೇಕ್ ಒತ್ತೋರ್ಯಾರು? ಇದ್ದಿದ್ದೇ ಹತ್ತು ದಿನ. ಅದರಲ್ಲಿ ಏಳು ನುಂಗಿ ನೀರು ಕುಡಿದ್ರಲ್ಲ, ನಾಚ್ಕೆ ಆಗಲ್ವಾ? ಬೂಟು ಬಿಚ್ಚಿ. ಸೀಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ!"

ಕಣ್ಣಿನ ಡಾಕ್ಟರ ಭೇಟಿ ಮುಂದಕ್ಕೆ ಹೋಯಿತು. ಉಳಿದ ಮೂರು ಬೆಳಗೂ ಖಾಲಿ ಮೈದಾನದಲ್ಲಿ, ಅದರಾಚೆಯ ಏರಿನಲ್ಲಿ, ಮಾಸ್ಟರು ಕಾಲು ಮಡಚಿ ಕೂತ. ಅವನ ಬೂಟುಗಳು ಹಿಂದಿನ ಸೀಟಿನಲ್ಲಿ ಅತ್ತೆಯ ವಶದಲ್ಲಿದ್ದವು. ಕಾರು ಎಷ್ಟು ಸಲ ಸತ್ತಿತೋ ಲೆಕ್ಕವಿಲ್ಲ. ಬೈದುಕೊಂಡೇ ಕಲಿತಳು, ಮೊಣಕಾಲು ಊದಿಕೊಂಡಿತು.

ಶುಕ್ರವಾರ. ಪರೀಕ್ಷೆಯ ಸಾಹೇಬರು ಹಿಂದೆ ಕೂತರು, ಬೂಟು ಹಾಕಿಕೊಂಡ ಮಾಸ್ಟರು ಪಕ್ಕದಲ್ಲಿ. ತಿರುವು, ರಿವರ್ಸು ಎಲ್ಲ ಆಯಿತು. ಕೊನೆಗೆ ಏರು. ಕಾರಿನ ಹಿಂದೆ ಒಂದು ಕೋಲು ನೆಟ್ಟಿದ್ದರು, ಜಾರಿ ಅದಕ್ಕೆ ತಾಗಿದರೆ ಫೇಲು. ಗಂಟಕ್ಕ ಕ್ಲಚ್ಚಿನ ಮೇಲೆ ಕಾಲಿಟ್ಟಳು. ಅದು ಬೆಣ್ಣೆಯ ಹಾಗೆ ತಾನೇ ಇಳಿಯಿತು.

ಥೂ! ಹ್ಯಾಂಡ್ ಬ್ರೇಕು ಎಳೆದಳು. "ಇಳೀರಿ ಮಾಸ್ಟರ್."

"ಏನಮ್ಮ, ಪಾಸಾಗ್ತಿದ್ದೆಯಲ್ಲ?" ಎಂದರು ಸಾಹೇಬರು.

"ಪಾಸಾಗ್ತಿದ್ದೋರು ಅವರು, ಸಾರ್. ನಾನಲ್ಲ. ಅವರ ಕಾಲು ನೋಡಿ."

ಸಾಹೇಬರು ಬಗ್ಗಿ ನೋಡಿದರು, ಮುಖ ಕೆಂಪಾಯಿತು. "ಇಳೀರಿ ಮಾಸ್ಟರೇ. ಒಂದೇ ಚಾನ್ಸ್ ಅಮ್ಮ. ತಾಗಿದ್ರೆ ಮುಂದಿನ ತಿಂಗಳು."

ಮುಂದಿನ ತಿಂಗಳಿಗೆ ವ್ಯಾನೂ ಇರುವುದಿಲ್ಲ, ಕೆಲಸವೂ ಇರುವುದಿಲ್ಲ. ಗಂಟಕ್ಕ ಊದಿದ ಕಾಲಿನಿಂದಲೇ ಕ್ಲಚ್ಚು ಒತ್ತಿ ಹ್ಯಾಂಡ್ ಬ್ರೇಕು ಬಿಟ್ಟಳು. ಕಾರು ಗೇಣುದ್ದ ಹಿಂದಕ್ಕೆ ಜಾರಿತು. ಕೋಲಿಗೆ ಇನ್ನು ನಾಲ್ಕು ಬೆರಳು. ನಿಂತಿತು, ನಡುಗಿತು, ಗುರ್ರೆಂದು ಮೇಲಕ್ಕೆ ಹತ್ತಿತು. ಸಾಹೇಬರು ಸಹಿ ಹಾಕಿಕೊಟ್ಟರು.

ಕೆಳಗೆ ಮಾಸ್ಟರು ಹಲ್ಲು ಕಿರಿಯುತ್ತ ನಿಂತಿದ್ದ. "ನೋಡಿದ್ರಾ, ಹೆಂಗೆ ಕಲ್ಸಿದೀನಿ!" ಎಂದು ಅಲ್ಲಿದ್ದವರಿಗೆಲ್ಲ ಹೇಳುತ್ತಿದ್ದ. ಗಂಟಕ್ಕ ಅವನ ಮುಖ ನೋಡಲಿಲ್ಲ. ಮುಂದಿನ ಸರದಿಯ ಹುಡುಗಿ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದಳು, ಅವನದೇ ಶಿಷ್ಯೆ. ಗಂಟಕ್ಕ ಕಿಟಕಿಗೆ ಬಗ್ಗಿದಳು.

"ತಂಗೀ, ಕಲಿಯೋವಾಗ ಕ್ಲಚ್ಚು ಮೆತ್ತಗಿರುತ್ತಾ?"

"ಹೂಂ ಅಕ್ಕ, ತುಂಬ ಮೆತ್ತಗೆ."

"ಹಾಗಾದ್ರೆ ನೀನಿನ್ನೂ ಕಾರು ಓಡಿಸೇ ಇಲ್ಲ."

ಹುಡುಗಿ ನಿಧಾನವಾಗಿ ತಿರುಗಿ ಮಾಸ್ಟರ ಬೂಟುಗಳನ್ನು ನೋಡಿದಳು.