ಸೂಜಿ ಚುಚ್ಚದ ದಿನ

ಇವತ್ತು ಬಿಜೈಯಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಪಡುವಷ್ಟರಲ್ಲಿ, ಪಕ್ಕದಲ್ಲಿ ಬಂದು ಕೂತ ಹಿರಿಯರ ಮೊಣಕಾಲಿನಿಂದ ನೋವಿನೆಣ್ಣೆಯ ವಾಸನೆ ಬಂತು. ನಿಮಗಾದರೆ ಅದು ಅಜ್ಜಿಯ ನೆನಪು ತರಬಹುದು. ನಾನು ಎದ್ದು, ಇಳಿಯುವವರೆಗೂ ಕಂಬಿ ಹಿಡಿದು ನಿಂತೆ.

ಆ ಎಣ್ಣೆಯನ್ನು ನನ್ನ ತಂಗಿಯ ಮಗಳು ಶ್ರಾವ್ಯಳ ಕಾಲಿಗೆ ಎರಡು ತಿಂಗಳು ಹಚ್ಚಿಸಿದವನು ನಾನು. ಆಗ ಅವಳಿಗೆ ಹತ್ತು ವರ್ಷ, ಶಾಲೆಯ ಓಟದಲ್ಲಿ ಹುಡುಗರನ್ನೂ ಹಿಂದೆ ಹಾಕುತ್ತಿದ್ದಳು. ಮೊಣಕಾಲಿನ ಮೇಲೆ ನೋವು ಎಂದಾಗ, "ಬೆಳೆಯುವ ಮಕ್ಕಳಿಗೆ ಇದೆಲ್ಲ ಉಂಟು ಮಾರಾಯ್ತಿ, ಎಣ್ಣೆ ತಿಕ್ಕು" ಎಂದು ತಂಗಿಗೆ ಹೇಳಿದೆ. ನಮ್ಮಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಕಚೇರಿಯಲ್ಲಿ ನಾನು ಬರೀ ಗುಮಾಸ್ತ. ತಂಗಿಯ ಮನೆಯಲ್ಲಿ ಮಾತ್ರ ವಕೀಲನೂ ನಾನೇ, ವೈದ್ಯನೂ ನಾನೇ. ಎಣ್ಣೆ ತಿಕ್ಕುತ್ತಾ ತಿಕ್ಕುತ್ತಾ ತಂಗಿಯ ಕೈಗೆ ಒಂದು ಗಂಟು ಸಿಕ್ಕಿತು. ಆಸ್ಪತ್ರೆಯಲ್ಲಿ ಎಲುಬಿನ ಕ್ಯಾನ್ಸರ್ ಎಂದರು.

ಕೀಮೋ ಶುರುವಾಯಿತು. ಕೂದಲು ಹೋದದ್ದಕ್ಕೆ ಅವಳು ಅಳಲಿಲ್ಲ. ಸೂಜಿಗೆ ಅಳುತ್ತಿದ್ದಳು. ಕೈಯ ನರಗಳೆಲ್ಲ ಗಟ್ಟಿಯಾಗಿ, ನರ್ಸ್‌ಗಳು ನಾಲ್ಕೈದು ಕಡೆ ಚುಚ್ಚಿ ನೋಡಬೇಕಾಗುತ್ತಿತ್ತು. ಸೂಜಿ ಕಂಡರೆ ನನಗೂ ಕಣ್ಣು ಕತ್ತಲೆ. ಅವಳ ಕೈ ಹಿಡಿದು ಧೈರ್ಯ ಹೇಳುತ್ತಾ ನಾನು ಗೋಡೆ ನೋಡುತ್ತಿದ್ದೆ. "ಮಾಮ, ಚುಚ್ಚುವುದು ನಿಮಗಲ್ಲ" ಎಂದಿದ್ದಳು ಒಮ್ಮೆ.

ಮದ್ದು ಎಷ್ಟು ಕೆಲಸ ಮಾಡಿದೆ, ಕಾಲು ಉಳಿಸಬಹುದೇ ಎಂದು ನೋಡಲು ಮತ್ತೊಂದು ಎಂಆರ್‌ಐ ಆಗಬೇಕಿತ್ತು. ಫಳ್ನೀರಿನ ಆಸ್ಪತ್ರೆಯ ಡಾಕ್ಟರಮ್ಮ, "ಈ ಸಲ ಚಿತ್ರ ಸ್ಪಷ್ಟ ಕಾಣ್ಲಿಕ್ಕೆ ಹಾಕುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ. ಕಿಡ್ನಿ ಸ್ವಲ್ಪ ದಣಿದಿದೆ. ಅದಿಲ್ಲದೆಯೂ ನೋಡ್ಲಿಕ್ಕೆ ಆಗ್ತದೆ" ಎಂದರು. ಗಡ್ಡೆಯ ಕೋಶಗಳು ಒತ್ತೊತ್ತಾಗಿದ್ದರೆ ಅವುಗಳ ನಡುವೆ ನೀರಿಗೆ ಅಲುಗಾಡಲು ಜಾಗವಿಲ್ಲ, ಅವು ಸತ್ತರೆ ಜಾಗವಾಗುತ್ತದೆ, ಆ ನೀರಿನ ಓಡಾಟವನ್ನೇ ಯಂತ್ರ ನೋಡುತ್ತದೆ ಎಂದು ವಿವರಿಸಿದರು.

ಶ್ರಾವ್ಯ ಕೇಳಿದಳು, "ಅಂದ್ರೆ ನನ್ನ ಕಾಲಿನೊಳಗೆ ನೀರು ಓಡ್ಬೇಕಾ?"

"ಹೌದು ಪುಟ್ಟಿ. ಓಡಿದ್ರೆ ಒಳ್ಳೇದು" ಎಂದರು ಡಾಕ್ಟರಮ್ಮ.

"ಓಡಿಸ್ತೇನೆ" ಎಂದಳು.

ಆ ಗದ್ದಲದ ಕೊಳವೆಯೊಳಗೆ ಅವಳು ಅಲುಗದೆ ಮಲಗಿದ್ದಳು. ಹೊರಗೆ ಬಂದವಳ ಮುಖದಲ್ಲಿ ತಿಂಗಳುಗಳಿಂದ ಕಾಣದ ನಗು. ಐಸ್‌ಕ್ರೀಮ್ ಅಂಗಡಿಗೆ ಹೋದೆವು. "ನೋಡು, ಸೂಜಿ ಇಲ್ಲ, ನೋವಿಲ್ಲ. ಇನ್ನು ಎಲ್ಲ ಸರಿ ಆಗ್ತದೆ" ಎಂದೆ. ಯಾರೂ ಕೇಳದಿದ್ದರೂ ಹೇಳುವುದು ನನ್ನ ಚಾಳಿ.

ಎರಡು ದಿನದ ಮೇಲೆ ಡಾಕ್ಟರಮ್ಮ ತಂಗಿಯನ್ನೂ ನನ್ನನ್ನೂ ಕೂರಿಸಿ ಚಿತ್ರ ತೋರಿಸಿದರು. ಗಡ್ಡೆಯ ಬಹುಭಾಗ ಮೊದಲಿನಂತೆಯೇ ಇತ್ತು, ರಕ್ತನಾಳವನ್ನು ಸುತ್ತಿಕೊಂಡಿತ್ತು. ಕಾಲು ತೆಗೆಯಬೇಕು.

"ಇಂಜೆಕ್ಷನ್ ಹಾಕಿ ನೋಡಿದ್ರೆ?" ಎಂದೆ.

"ಹಾಕಿದ್ರೂ ಇದೇ ಕಾಣ್ತಿತ್ತು."

"ನಾನು ಎಣ್ಣೆ ಹಚ್ಚಿಸಿದ್ರಿಂದ ತಡ ಆಯ್ತಾ ಡಾಕ್ಟರೇ?"

ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಅದನ್ನು ಈಗ ಹೇಳ್ಲಿಕ್ಕೆ ಆಗುವುದಿಲ್ಲ" ಎಂದರು. ತಂಗಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಮಗುವಿಗೆ ಹೇಳುವ ಕೆಲಸ ತಂಗಿ ಮಾಡಿದಳು, ನಾನು ಬಾಗಿಲಲ್ಲಿ ನಿಂತಿದ್ದೆ. ಶ್ರಾವ್ಯ ನನ್ನ ಕಡೆ ತಿರುಗಿ ಕೇಳಿದಳು, "ನಾನು ಸರಿ ಓಡಿಸ್ಲಿಲ್ವಾ ಮಾಮ?"

ಇಷ್ಟು ವರ್ಷ ಎಲ್ಲದಕ್ಕೂ ಉತ್ತರ ಇಟ್ಟುಕೊಂಡವನಿಗೆ, ತಪ್ಪು ನಿನ್ನದಲ್ಲ ಎಂಬ ಒಂದು ಮಾತೂ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷವಾಯಿತು. ಕೆಲವು ತಿಂಗಳಿಗೊಮ್ಮೆ ಪರೀಕ್ಷೆ. ಈವರೆಗೆ ರೋಗ ಮರಳಿಲ್ಲ. ಆದರೆ ಅವಳು ನನ್ನಲ್ಲಿ ಏನನ್ನೂ ಕೇಳುವುದನ್ನು ಬಿಟ್ಟಳು. ಕೇಳಬೇಕಾದದ್ದನ್ನು ನರ್ಸಮ್ಮನಲ್ಲೇ ಕೇಳುತ್ತಾಳೆ.

ಇವತ್ತೂ ಪರೀಕ್ಷೆಯ ದಿನ. ನಾನು ಬಸ್ಸಿಳಿದು ಆಸ್ಪತ್ರೆಗೆ ಬಂದಾಗ ತಂಗಿ ಕೌಂಟರಿನಲ್ಲಿದ್ದಳು. ಶ್ರಾವ್ಯ ಊರುಗೋಲು ಗೋಡೆಗೊರಗಿಸಿ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತೆ. ಒಳಗಿನ ಯಂತ್ರದ ಸದ್ದು ಇಲ್ಲಿಗೂ ಕೇಳುತ್ತಿತ್ತು.

"ಈ ಸಲ ಎಂತ ಬರ್ತದೆ ಮಾಮ?"

"ಗೊತ್ತಿಲ್ಲ ಪುಟ್ಟಿ. ನನಗೂ ಹೆದರಿಕೆ ಆಗ್ತಾ ಉಂಟು."

ಅವಳು ತಿರುಗಿ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲ ಸರಿದು ನನಗೊರಗಿ ಕೂತಳು. ಅವಳ ಹೆಸರು ಕರೆಯುವವರೆಗೆ ಹಾಗೇ ಕೂತಿದ್ದೆವು.