ಎತ್ತಿದ ಕೈಗಳ ಲೆಕ್ಕ

ಶಹಾಪುರದ ನಮ್ಮ ಓಣಿಯಲ್ಲಿ ಸಂಜೆ ಐದಕ್ಕೆ ನನ್ನ ಮನೆಗೆ ಚಹಾಕ್ಕೆ ಬರುತ್ತಿದ್ದವಳು ಪಕ್ಕದ ಮನೆಯ ಗೆಳತಿ ಒಬ್ಬಳೇ. ಕಿರಾಣಿ ಅಂಗಡಿಯವರ ಮನೆಯ ಹಿರಿಯಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ನಾನು ಕ್ರೈಸ್ತಳು, ಮದುವೆಯಾಗದ ನಿವೃತ್ತ ಶಿಕ್ಷಕಿ. ಮಿಷನ್ ಬೋರ್ಡಿಂಗಿನಲ್ಲಿ ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಮಲಗಿ ಬೆಳೆದವಳು. ಆಕೆ ಐದು ದಾಟಿ ಬಂದರೆ ಗಡಿಯಾರದ ಕಡೆ ನೋಡುತ್ತಿದ್ದೆ.

"ಅಕ್ಕೋರ, ಸಾಲಿ ಬಿಟ್ಟು ಯಾವ ಕಾಲ ಆತು, ಇನ್ನಾ ಹಾಜರಿ ತಗೋತೀರಲ್ರಿ!" ಎಂದು ಬಯ್ಯುತ್ತಲೇ ಕೂರುತ್ತಿದ್ದಳು.

ಹೋದ ಸುಗ್ಗಿಯ ನಂತರ ಆಕೆ ಬರುವುದು ನಿಂತಿತು.

ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಬೆಳೆಹಬ್ಬ. ಹೊಸ ಜೋಳದ ತೆನೆ, ತೊಗರಿ, ಹತ್ತಿ, ಏನಿದ್ದರೂ ತಂದು ಮುಂದಿಟ್ಟು ಪ್ರಾರ್ಥನೆ ಮಾಡುತ್ತೇವೆ, ಆಮೇಲೆ ಊಟ. ಕ್ರೈಸ್ತರೇ ತರಬೇಕೆಂಬ ಕಟ್ಟಳೆ ಯಾವತ್ತೂ ಇರಲಿಲ್ಲ. ಗೆಳತಿ ಕೊಂಕಲ್‌ನ ತನ್ನ ಹೊಲದ ತೆನೆ ತರುತ್ತಿದ್ದಳು. ಹೊಳೆದಂಡೆಯಿಂದ ಮೀನು ಹಿಡಿಯುವವರ ಮನೆಯ ಹೆಂಗಸರು ಬರುತ್ತಿದ್ದರು. ಹೀಗಾಗಿ ಆ ಒಂದು ದಿನ ಚರ್ಚು ತುಂಬುತ್ತಿತ್ತು.

ಆ ಸಲ ಯಾದಗಿರಿಯಿಂದ ಒಬ್ಬ ಬೋಧಕ ಬಂದಿದ್ದ. ಕೊನೆಗೆ, "ಮೈಯಾಗ ನೋವಿದ್ದವ್ರು, ಮನಸಿನ್ಯಾಗ ನೋವಿದ್ದವ್ರು ಕೈ ಎತ್ತರಿ, ಪ್ರಾರ್ಥನಾ ಮಾಡ್ತೀನಿ" ಎಂದ. ಎತ್ತದೆ ಕೂತವರು ಯಾರು? ಗೆಳತಿಯಂತೂ ಮೊಣಕಾಲಿಗಾಗಿ ಎರಡೂ ಕೈ ಎತ್ತಿದಳು. ಬೋಧಕನ ಜೊತೆಯವನೊಬ್ಬ ಫೋಟೋ ಹೊಡೆದ.

ಮರುದಿನವೇ ಆ ಫೋಟೋ ಮೊಬೈಲಿಗೆ ಬಂತು. ಇವರೆಲ್ಲ ಹೊಸದಾಗಿ ಕ್ರಿಸ್ತ ವಿಶ್ವಾಸಕ್ಕೆ ಬಂದವರು ಎಂದು ಕೆಳಗೆ ಒಂದು ದೊಡ್ಡ ಸಂಖ್ಯೆ. ನಮ್ಮ ಬೆಂಚುಗಳ ಮೇಲೆ ಹಿಡಿಸದಷ್ಟು ದೊಡ್ಡದು. ವಾರದೊಳಗೆ ಅದೇ ಫೋಟೋ ಇನ್ನೊಂದು ದಿಕ್ಕಿನಿಂದ ತಿರುಗಿ ಬಂತು: ತಾಲೂಕಿನಲ್ಲಿ ಕ್ರೈಸ್ತರು ಹೀಗೆ ಬೆಳೆಯುತ್ತಿದ್ದಾರೆ, ಎಚ್ಚರ! ಒಬ್ಬರು ಹಿಗ್ಗಿದ್ದರು, ಇನ್ನೊಬ್ಬರು ಹೆದರಿಸುತ್ತಿದ್ದರು. ಸಂಖ್ಯೆ ಮಾತ್ರ ಎರಡರಲ್ಲೂ ಒಂದೇ. ಎಣಿಸಿದವರು ಯಾರು, ಏನನ್ನು ಎಣಿಸಿದರು ಎಂಬುದು ಎರಡರಲ್ಲೂ ಇರಲಿಲ್ಲ.

ಚರ್ಚಿನವರೇ ಓದುವ ಒಂದು ಪತ್ರಿಕೆಯಲ್ಲಿ, ಕ್ರೈಸ್ತರು ಕರಗಿಹೋಗುತ್ತಿದ್ದಾರೆಂದು ಅಷ್ಟೇ ಖಚಿತವಾಗಿ ಬರೆದಿದ್ದನ್ನೂ ನಾನು ಓದಿದ್ದೇನೆ. ಅದನ್ನೂ ಪೂರ್ತಿ ನಂಬಲಾರೆ. ಪ್ರತಿ ಭಾನುವಾರ ನನ್ನ ಪಕ್ಕ ಕೂರುವವರಲ್ಲಿ ಕೆಲವರು ಸರ್ಕಾರಿ ಕಾಗದದಲ್ಲಿ ಹಿಂದೂಗಳು. ಕಾಗದದಲ್ಲಿ ಕ್ರೈಸ್ತರಾದ ಕೆಲವರನ್ನು ನಾನು ಮದುವೆಗಳಲ್ಲಿ, ಮಣ್ಣು ಕೊಡುವಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.

ಫೋಟೋದ ಮುಂದಿನ ಸಾಲಿನಲ್ಲಿ ಗೆಳತಿಯ ಮುಖ ಎದ್ದು ಕಾಣುತ್ತಿತ್ತು. ಅಂಗಡಿ ನಡೆಸುವ ಮಗ ಅವಳಿಗೆ ನನ್ನ ಮನೆಗೆ ಹೋಗಬೇಡ ಎಂದ. ಆಕೆ ಗೋಡೆಯಾಚೆಯಿಂದ ನನಗೆ ತಿಳಿಸಿದಳು:

"ಮೊಣಕಾಲಿಗೆ ಕೈ ಎತ್ತೀನ್ರಿ, ಧರ್ಮಕ್ಕಲ್ಲ. ಕೊಡೇಕಲ್ಲಿನ ಗುಡಿಗೆ ಹೋದಾಗೂ ಎತ್ತೀನಿ, ದರ್ಗಾದಾಗೂ ಎತ್ತೀನಿ. ಎಲ್ಲಾ ಕಡಿ ಎಣಿಸಿದ್ರ ನಾ ಒಬ್ಬಾಕಿನ ಒಂದು ಓಣಿ ಆಗ್ತೀನಿ!"

ಇಬ್ಬರೂ ನಕ್ಕೆವು. ಆಕೆ ಮಾತ್ರ ಬರಲಿಲ್ಲ.

ನಾನು ಬೋಧಕನಿಗೆ ಫೋನ್ ಮಾಡಿದೆ.

"ಕೈ ಎತ್ತಿದವ್ರನ್ನ ಬರದೀವ್ರಿ ಅಮ್ಮಾ."

"ಯಾಕ ಎತ್ತಿದ್ರು ಅಂತ ಕೇಳಿದಿ ಏನಪಾ?"

"ಅದು ದೇವರಿಗೆ ಗೊತ್ತದರಿ."

"ಹಂಗಾದ್ರ ಲೆಕ್ಕಾನೂ ಅವನಿಗೇ ಬಿಡಬೇಕಿತ್ತು."

ಅವನು ಫೋನಿಟ್ಟ. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಿ ಗೆಳತಿಯ ಮಗನಿಗೆ ಹೇಳಿದೆ: "ಫೋಟೋದಾಗಿನ ಲೆಕ್ಕ ಖರೆ ಅಲ್ಲ. ಭಾನುವಾರ ಚರ್ಚಿಗೆ ಬಾ. ಯಾರಿಗೂ ಮೊದಲೇ ಹೇಳಬ್ಯಾಡ. ನಿನ್ನ ಕಣ್ಣಲೇ ನೋಡು."

ಬರುತ್ತಾನೆಂದುಕೊಂಡಿರಲಿಲ್ಲ. ಬಂದ. ಚಪ್ಪಲಿ ಬಿಟ್ಟು ಬಾಗಿಲ ಹತ್ತಿರ ನಿಂತ. ಒಳಗೆ ನಾವು ಮುದುಕಿಯರು, ಒಂದೆರಡು ಸಂಸಾರ, ಬೆಂಚಿನ ಮೇಲೆ ನಿದ್ದೆ ಹೋದ ಒಂದು ಕೂಸು. ಹಾಡಿದರೆ ಖಾಲಿ ಗೋಡೆಗಳು ನಮ್ಮ ದನಿಯನ್ನು ನಮಗೇ ಹಿಂದಿರುಗಿಸುತ್ತಿದ್ದವು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಕೇಳಿದ:

"ಈ ವಾರ ಮಂದಿ ಕಮ್ಮಿ ಏನ್ರಿ ಅಕ್ಕೋರ?"

"ವಾರಾ ಇಷ್ಟೇ."

"ಮೊದಲು ಭಾಳ ಇದ್ರೇನು?"

ಹೌದು, ಕಾಲಿಡಲು ಜಾಗವಿರುತ್ತಿರಲಿಲ್ಲ ಎಂಬ ಮಾತು ಬಾಯಿಗೆ ಬಂತು. ತಡೆದುಕೊಂಡೆ. ಬಾಲ್ಯದ ನೆನಪಿನಲ್ಲಿ ಎಲ್ಲ ಬೆಂಚುಗಳೂ ತುಂಬಿರುತ್ತವೆ. ನನ್ನ ಆ ಲೆಕ್ಕವನ್ನೂ ಯಾರೂ ಪರೀಕ್ಷಿಸಿಲ್ಲ.

"ಗೊತ್ತಿಲ್ಲಪಾ" ಎಂದೆ.

ಅವನು ಚಪ್ಪಲಿ ಮೆಟ್ಟಿಕೊಂಡ. "ನೀವು ಹೇಳಿದ್ದು ಖರೆ ಅದ. ನಾ ನಂಬೀನಿ. ಆದ್ರ ಫೋಟೋ ಸುರಪುರ ತನಾ ಹೋಗ್ಯಾದ್ರಿ. ಗಿರಾಕಿ ನನ್ನ ಕೇಳ್ತಾರ, ನಿಮ್ಮ ಅವ್ವ ಯಾವಾಗಿಂದ ಅಂತ. ದಿನಾ ಎಷ್ಟು ಮಂದಿನ ಚರ್ಚಿಗೆ ಕರಕೊಂಡು ಬರ್ಲಿ? ಊರು ತಣ್ಣಗಾಗ್ಲಿ, ಕಳಿಸ್ತೀನಿ."

"ಯಾವಾಗ ತಣ್ಣಗಾಗ್ತದ?"

ಅವನು ಕೈ ಮುಗಿದು ಹೋದ. ಒಳ್ಳೆಯ ಹುಡುಗ, ನನ್ನ ಶಾಲೆಯಲ್ಲೇ ಕಲಿತವನು.

ಊರು ಇನ್ನೂ ತಣ್ಣಗಾಗಿಲ್ಲ. ಸಂಜೆ ಐದಕ್ಕೆ ಚಹಾ ಮಾಡುತ್ತೇನೆ, ಆರಕ್ಕೆ ದೀಪ ಹಾಕುತ್ತೇನೆ. ನಡುವಿನ ಆ ಒಂದು ತಾಸಿಗೆ ಬೋರ್ಡಿಂಗಿನಲ್ಲಿ ಕಲಿತ ಯಾವ ಶಿಸ್ತೂ ಕೆಲಸಕ್ಕೆ ಬರುವುದಿಲ್ಲ. ಒಮ್ಮೊಮ್ಮೆ ಗೋಡೆಯಾಚೆಯಿಂದ ಆಕೆ ಕೂಗುತ್ತಾಳೆ:

"ಅಕ್ಕೋರ, ಚಾ ಆತೇನ್ರಿ?"

"ಆತ್ರಿ. ಮೊಣಕಾಲು ಹೆಂಗದ?"

"ಹಂಗೇ ಅದ."

ಆಮೇಲೆ ಬೀದಿಯಲ್ಲಿ ಯಾರಾದರೂ ಹಾಯುತ್ತಾರೆ. ಇಬ್ಬರೂ ಸುಮ್ಮನಾಗುತ್ತೇವೆ.