ಅನ್‌ಲೆಸ್ ಹೊಟ್ಟೆಯೊಳಗಿನ ‘ಇಲ್ಲ’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಚ್ ನಗರ ಯುಟ್ರೆಕ್ಟ್ ಕಡೆ ಹೊರಟ ರೈಲಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರೆ, ಡೀಮೆನ್ ಊರಿನ ಸರಳಾ ಕುಲಕರ್ಣಿಯವರ ಇಂಗ್ಲಿಷ್ ಪಾಠ ಮಾತ್ರ ಜೋರಾಗಿ ಸಾಗಿದೆ. ಎದುರಿಗೆ ಕೂತಿರುವ ಮೈಸೂರಿನ ವಿದ್ಯಾರ್ಥಿನಿ ನಿಹಾರಿಕಾಳ ಮುಖ ಬಾಡಿದೆ. ಅವಳ ರೂಮಿನ ಹೀಟರ್ ಕೆಟ್ಟಿತ್ತು. ರಿಪೇರಿ ಮಾಡದಿದ್ದರೆ ಖಾಲಿ ಮಾಡುತ್ತೇನೆಂದು ಮಾಲೀಕನಿಗೆ ಮೆಸೇಜ್ ಹಾಕಿದ್ದಳು. ರಿಪೇರಿಗೆ ನಾಳೆಯೇ ಜನ ಬರುತ್ತಾರೆ, ನೀವು ಹೊರಡುವುದು ಯಾವತ್ತು ಎಂದು ಆತ ಕೇಳಿದ್ದಾನೆ. ಇಲ್ಲಿ ಇನ್ನೊಂದು ರೂಮ್ ಸಿಗುವಷ್ಟರಲ್ಲಿ ಸಾಕೋಸಾಕಾಗುತ್ತದೆ.

ಸರಳಾ ಫೋನ್ ಇಸಿದುಕೊಂಡು ನೋಡುತ್ತಾರೆ. ‘ಐ ವಿಲ್ ವೆಕೇಟ್ ಅನ್‌ಲೆಸ್ ಯು ಡು ನಾಟ್ ರಿಪೇರ್’ ಎಂದಿದೆ.

“ಮಾಡದಿದ್ದರೆ ಅಂತ ತಾನೇ ಆಂಟಿ ನಾನು ಬರ್ದಿದ್ದು?”

“ಅನ್‌ಲೆಸ್ ಹೊಟ್ಟಿಯೊಳಗ ಮೊದಲ ಒಂದು ‘ಇಲ್ಲ’ ಕೂತದವಾ. ನೀ ಅದರ ಮ್ಯಾಲೆ ‘ನಾಟ್’ ಹೇರಿದಿ. ರಿಪೇರಿ ಮಾಡಿದ್ರ ಹೋಗ್ತೀನಿ ಅಂದಂಗಾತು.”

ಈ ಎಡವಟ್ಟು ನಮ್ಮವರದೇ. ‘ಮಾಡದಿದ್ದರೆ’ ಎನ್ನುವಾಗ ನಮಗೆ ‘ಇಲ್ಲ’ವೂ ‘ರೆ’ಯೂ ಒಂದೇ ಪದದಲ್ಲಿ ಸಿಗುತ್ತವೆ. ಇಂಗ್ಲಿಷಿಗೆ ಹೋದಾಗ ಎರಡನ್ನೂ ಹೊತ್ತುಕೊಂಡು ಹೋಗುತ್ತೇವೆ. ‘ಆಲ್ದೋ’ ಅಂದಮೇಲೂ ಸಮಾಧಾನವಾಗದೆ ‘ಬಟ್’ ಸೇರಿಸುವವರೂ ನಾವೇ. ಸರಳಾ ಹೇಳುವ ಉಪಾಯ ಸುಲಭ: ನಮ್ಮ ವಾಕ್ಯದ ಬಾಲದಲ್ಲಿರುವ ‘ರೆ’, ‘ರೂ’, ‘ದ್ದರಿಂದ’ಗಳನ್ನು ಇಂಗ್ಲಿಷಿನಲ್ಲಿ ತಲೆಗೆ ತರಬೇಕು, ಒಂದೇ ಸಲ ತರಬೇಕು.

ಗದಗಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಇವರು. ಗಂಡನ ಕೆಲಸದ ಹಿಂದೆ 2006ರಲ್ಲಿ ಇಲ್ಲಿಗೆ ಬಂದರು. ಅಲ್ಲಿನ ಬಿ.ಎಡ್. ಇಲ್ಲಿ ನಡೆಯಲಿಲ್ಲ. ಈಗ ಯುಟ್ರೆಕ್ಟ್‌ನ ಕಾಲೇಜು ಕ್ಯಾಂಟೀನಿನಲ್ಲಿ ಬ್ರೆಡ್ ಕತ್ತರಿಸಿ, ಸೂಪ್ ಬಡಿಸುತ್ತಾರೆ. ಪಾಠವೆಲ್ಲ ಹೋಗುವಾಗಿನ ರೈಲಿನಲ್ಲೇ, ಪುಕ್ಕಟೆ. “ಕ್ಯಾಂಟೀನ್ ಕೆಲಸ ಬ್ಯಾಸರಿಲ್ರಿ. ಕರಿಹಲಗಿ ಮುಂದ ನಿಲ್ಲೂದು ತಪ್ಪಿತಲ್ಲ, ಅದ ಸಂಕಟ,” ಎನ್ನುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು ಕೇಳುತ್ತಿದ್ದ ನನಗೂ ಸಂಕಟವಾಯಿತು.

ನಿಹಾರಿಕಾ ‘ಇಫ್’ ಹಾಕಿ ಪಾರಾಗಲು ನೋಡುತ್ತಾಳೆ. ಸರಳಾ ಬಿಡುವುದಿಲ್ಲ. ‘ಇಫ್’ ಹಿಂದೆ ಅಡಗಿದರೆ ‘ಅನ್‌ಲೆಸ್’ನ ಅಂಜಿಕೆ ಹೋಗುವುದಿಲ್ಲವಂತೆ. ತಪ್ಪಾಯಿತು, ರೂಮ್ ನನಗೇ ಬೇಕು, ರಿಪೇರಿ ಆಗದಿದ್ದರಷ್ಟೇ ಬಿಡುತ್ತೇನೆ ಎಂದು ‘ಅನ್‌ಲೆಸ್’ ಹಾಕಿಯೇ ಬರೆಸಿ, ‘ನಾಟ್’ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಳಿಸಲು ಬಿಡುತ್ತಾರೆ.

ಮಧ್ಯಾಹ್ನ ನಾನು ಕ್ಯಾಂಟೀನಿಗೆ ಹೋದಾಗ ಸರಳಾ ಕೈ ಒರೆಸಿಕೊಂಡು ಫೋನ್ ತೋರಿಸುತ್ತಾರೆ. ನಿಹಾರಿಕಾಳ ಮೆಸೇಜ್ ಬಂದಿದೆ: ‘ಅಲ್ಲೇ ಇರಬಹುದಂತೆ, ಟೀಚರ್.’

“ರೂಮ್ ಉಳೀತು, ಛಲೋ ಆತು,” ಎಂದ ಅವರು ಫೋನನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಾರೆ. “ಖರೇ ಹೇಳ್ಲೇನ್ರಿ? ಈ ದೇಶದಾಗ ನನಗ ಟೀಚರ್ ಅಂದಾಕಿ ಇಕಿನ ಮೊದಲು.”